ಗಾಯದ ಮೇಲೆ ಮಕರಂದ

ರೇವಣಪ್ಪನನ್ನು ಮನೆಯಿಂದ ಯಾರೂ ಹೊರಗೆ ಹಾಕಲಿಲ್ಲ. ಊಟದ ಹೊತ್ತಿನಲ್ಲಿ ಅವನೇ ಎದ್ದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಹಿತ್ತಲಿನ ಕುರಿ ದಡ್ಡಿಗೆ ಹೋಗಿ ಕುಳಿತುಬಿಟ್ಟ.

ನಡೆದದ್ದು ಇಷ್ಟೆ. ಮೊಮ್ಮಗಳು ಭಾಗ್ಯ ಅಜ್ಜನ ಎದುರಿಗೆ ಊಟಕ್ಕೆ ಕುಳಿತವಳು ರೊಟ್ಟಿ ಮುರಿಯದೆ ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡಳು. ಅವಳ ತಾಯಿ ಮರೆವ್ವ, ರೇವಣಪ್ಪನ ಸೊಸೆ, ಮಗಳ ಬೆನ್ನಿಗೆ ರಪ್ಪನೆ ಒಂದು ಏಟು ಹಾಕಿದಳು. ಆದರೆ ಏಟು ಹಾಕಿದ ಮರೆವ್ವನ ಬಾಯಿಗೂ ಸೆರಗು ಅಡ್ಡ ಇತ್ತು. ರೇವಣಪ್ಪ ಅದನ್ನು ನೋಡಿದ.

ಹೆಂಡತಿ ಶೇವಂತೆವ್ವ ಅವನ ಹಿಂದೆಯೇ ಓಡಿದಳು. "ಎಲ್ಲಿಗೆ ಹೊಂಟ್ರಿ? ಒಳಗ ಬರ್ರಿ. ಸಣ್ಣ ಹುಡುಗಿ, ಅದಕೇನ್ ತಿಳೀತದ?"

"ಇರ್ಲಿ ಬಿಡು," ಎಂದ ಅವನು. ಕೆನ್ನೆಯ ಗಾಯದಿಂದಾಗಿ ಅವನ ಮಾತು ಮನೆಯವರಿಗಷ್ಟೇ ತಿಳಿಯುತ್ತಿತ್ತು. "ಕುರಿಗೋಳು ಮೂಗು ಮುಚ್ಚಾಂಗಿಲ್ಲ."

ರೇವಣಪ್ಪ ತಂಗಡಗಿಯ ಕುರುಬರವನು. ಮೈಯಲ್ಲಿ ಕಸುವಿದ್ದಾಗ ವರ್ಷದ ಅರ್ಧ ಭಾಗ ಕುರಿ ಹೊಡೆದುಕೊಂಡು ಸಿಂದಗಿ, ಇಂಡಿಯ ಎರೆ ಹೊಲಗಳ ತನಕ ಹೋಗುತ್ತಿದ್ದ. ಗೊಬ್ಬರಕ್ಕೆಂದು ಹೊಲದವರು ಅವನ ಕುರಿಗಳನ್ನು ಕರೆಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ನಡೆಯುವವನಿಗೆ ಹಸಿವು ಮರೆಸಲು ತಂಬಾಕು ಬೇಕು. ಎಡಗೆನ್ನೆಯ ಒಳಗೆ ಸುಣ್ಣ ಹಚ್ಚಿದ ತಂಬಾಕಿನ ಉಂಡೆ ಮಲಗುವಾಗಲೂ ಇರುತ್ತಿತ್ತು. ಅದೇ ಜಾಗದಲ್ಲಿ ಮೊದಲು ಹುಣ್ಣಾಯಿತು. ಹುಣ್ಣು ಗಂಟಾಯಿತು. ಗಂಟು ಒಡೆದು ಕೆನ್ನೆಗೆ ತೂತು ಬಿತ್ತು. ದೊಡ್ಡ ದವಾಖಾನೆಯೊಂದಕ್ಕೆ ಮಗ ಮುತ್ತು ಕರೆದುಕೊಂಡು ಹೋದಾಗ ಅಲ್ಲಿಯ ವೈದ್ಯರು ಕತ್ತರಿಸುವ ಕಾಲ ಮೀರಿದೆ ಎಂದರು. ನೋವಿನ ಗುಳಿಗೆ ಬರೆದುಕೊಟ್ಟು, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳುಹಿಸಿದರು. ನಾತದ ಬಗ್ಗೆ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಆಗ ಅದು ಅಷ್ಟು ಇರಲಿಲ್ಲ.

ಆ ಸಂಜೆ ಮಗಳು ಸುನೀತಾ ಕೆಲಸದಿಂದ ಬಂದಾಗ ಪಡಸಾಲೆಯಲ್ಲಿ ತಂದೆಯ ಹಾಸಿಗೆ ಇರಲಿಲ್ಲ. ಮರೆವ್ವ ಒಲೆಯ ಮುಂದೆ ಕುಳಿತು ಅಳುತ್ತಿದ್ದಳು.

"ನಾ ಹೋಗ್ರಿ ಅಂದಿಲ್ಲ ಸುನೀತಾ," ಎಂದಳು. "ನನ್ನ ಕೈಲೆ ತಡಕೊಳ್ಳಾಕ ಆಗವಲ್ದು. ಅನ್ನ ಬಾಯಿಗಿಟ್ರ ಅದs ನಾತ ಬರ್ತೈತಿ. ನಾ ಏನ್ ಮಾಡ್ಲಿ?"

ಸುನೀತಾಳ ಮೂಗು ಮನೆಯ ಎಲ್ಲರ ಮೂಗಿಗಿಂತ ಚುರುಕು. ಬಸ್ಸು ಇಳಿದು ಓಣಿ ತಿರುಗುತ್ತಲೇ ಅವಳಿಗೆ ತಂದೆಯ ಗಾಯ ಗೊತ್ತಾಗುತ್ತಿತ್ತು. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮುಖದಲ್ಲಿ ಏನೂ ಕಾಣದ ಹಾಗೆ ಮಾಡಿಕೊಂಡು ಒಳಗೆ ಹೋಗುವುದನ್ನು ಕಲಿತಿದ್ದಳು, ಅಷ್ಟೆ.

ಅವಳಿಗೆ ಸಿಂದಗಿ ಕಡೆ ಮದುವೆಯಾಗಿತ್ತು. ಗಂಡ ಇನ್ನೊಬ್ಬಳನ್ನು ತಂದ ಮೇಲೆ ತವರಿಗೆ ಬಂದವಳು ಮುದ್ದೇಬಿಹಾಳದ ಊದಿನಕಡ್ಡಿ ಕಾರಖಾನೆಗೆ ಕೂಲಿಗೆ ಸೇರಿದಳು. ಮೊದಲು ಕಡ್ಡಿ ಹೊಸೆಯುತ್ತಿದ್ದಳು. ಅತ್ತರು ತಂದುಕೊಡುವ ಅಬ್ದುಲಗನಿ ಎಂಬ ಮುದುಕ ಒಂದು ದಿನ ಬಾಟಲಿಯ ಮುಚ್ಚಳ ತೆರೆದಾಗ ದೂರದಲ್ಲಿ ಕುಳಿತಿದ್ದ ಇವಳು, "ಇದು ಹ್ವಾದ ಸಲದ ಮಲ್ಲಿಗಿ ಅಲ್ಲ, ಇದರಾಗ ಬ್ಯಾರೆ ಏನೋ ಕೂಡೇತಿ," ಎಂದಳು. ಮುದುಕ ನಕ್ಕು ಹೌದೆಂದ. ಮಾಲೀಕರಾದ ಬಸಂತರಾಯರು ಅವಳನ್ನು ಸೆಂಟಿನ ಖೋಲಿಗೆ ಹಾಕಿದರು. ಅಬ್ದುಲಗನಿ ಬಂದಾಗಲೆಲ್ಲ ಕುಳಿತು ಕಲಿಸಿದ. ಯಾವ ಎಣ್ಣೆಗೆ ಯಾವುದು ಕೂಡುತ್ತದೆ, ಯಾವುದು ಬೇಗ ಹಾರುತ್ತದೆ, ಯಾವುದು ಕಡ್ಡಿ ಸುಟ್ಟ ಮೇಲೂ ಉಳಿಯುತ್ತದೆ ಎಂಬುದು ಅವಳಿಗೆ ವರ್ಷ ಕಳೆಯುವುದರೊಳಗೆ ಬಂತು.

ಆ ವರ್ಷ ಬಸಂತರಾಯರಿಗೆ ಹೊಸ ವಾಸನೆಯೊಂದು ಬೇಕಾಗಿತ್ತು. ಗಂಧ, ಮಲ್ಲಿಗೆ, ಕೇದಗೆ ಎಲ್ಲರಲ್ಲೂ ಇವೆ. ನಮ್ಮದಕ್ಕೆ 'ಮಕರಂದ' ಎಂದು ಹೆಸರಿಡೋಣ, ಪೊಟ್ಟಣ ಬಿಚ್ಚಿದರೆ ಹೂವಿನೊಳಗೆ ಮೂಗಿಟ್ಟ ಹಾಗೆ ಆಗಬೇಕು ಎಂದಿದ್ದರು. ಅಂಥದ್ದೊಂದು ಎಣ್ಣೆ ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಹೂವಿನ ಮಕರಂದವನ್ನು ಹಿಂಡಿ ಬಾಟಲಿಗೆ ತುಂಬಲು ಬರುವುದಿಲ್ಲ. ಬೇರೆ ಬೇರೆ ವಾಸನೆಗಳನ್ನು ಕೂಡಿಸಿ, ಮೂಗಿಗೆ ಅದೇ ಇದು ಅನ್ನಿಸುವ ಹಾಗೆ ಕಟ್ಟಬೇಕು. ಸುನೀತಾ ಮಾಲು ಹೊತ್ತ ಜೀಪಿನಲ್ಲಿ ಇಂಡಿಗೆ ಹೋದಾಗ ಬಿಸಿಲೇರಿದ ಹೊತ್ತಿನಲ್ಲಿ ಒಂದು ನಿಂಬೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಹೋಗಿ ನಿಂತುಕೊಂಡಿದ್ದಳು. ಹೂವಿನ ವಾಸನೆಗಿಂತ ಒಳಗೆ, ಜೇನುಹುಳುಗಳು ತಲೆ ತೂರಿಸುವ ಜಾಗದಲ್ಲಿ, ಒಂದು ಬೆಚ್ಚಗಿನ ಸಿಹಿ ಇತ್ತು. ಅದನ್ನು ಮೂಗಿನಲ್ಲಿ ಹಿಡಿದುಕೊಂಡೇ ತಿರುಗಿ ಬಂದಳು.

ಮಲ್ಲಿಗೆ, ನಿಂಬೆ ಹೂ, ಮಾಗಿದ ಹಣ್ಣಿನ ವಾಸನೆಯ ಒಂದು ಎಣ್ಣೆ, ತಳಕ್ಕೆ ಗಂಧ. ಎಷ್ಟು ಮಾಡಿದರೂ ಅದು ಹೂವಾಗುತ್ತಿತ್ತೇ ಹೊರತು ಮಕರಂದವಾಗುತ್ತಿರಲಿಲ್ಲ. ಕೊನೆಗೆ ಅಬ್ದುಲಗನಿ ಮುಂಬಯಿಯಿಂದ ಒಂದು ಬಿಳಿ ಹರಳಿನ ಪುಡಿ ತಂದುಕೊಟ್ಟ.

"ಸಂಭಾಳಿಸ್ಕೊಂಡು ಹಾಕಬೇಕವ್ವಾ," ಎಂದ. "ಚಿಟಿಕಿ ಹಾಕಿದ್ರ ಜೇನು. ಜಾಸ್ತಿ ಆತು ಅಂದ್ರ ಕುದುರಿ ಲಾಯದ ವಾಸನಿ."

ಚಿಟಿಕೆ ಬಿದ್ದ ಕೂಡಲೇ ಖೋಲಿಯಲ್ಲಿ ಇಂಡಿಯ ಆ ಮಧ್ಯಾಹ್ನ ಬಂದು ನಿಂತಿತು. ಬಸಂತರಾಯರು ಕಾಗದದ ಪಟ್ಟಿಯನ್ನು ಮೂಗಿನಿಂದ ತೆಗೆಯಲೇ ಇಲ್ಲ.

ತಂದೆ ದಡ್ಡಿಗೆ ಹೋದ ಮರುದಿನ ಸುನೀತಾ ಮಾಲೀಕರನ್ನು ಕೇಳಿ ಮಕರಂದದ ಸಣ್ಣ ಶೀಸೆಯೊಂದನ್ನು ಮನೆಗೆ ತಂದಳು. ಹಳೆಯ ಧೋತರವನ್ನು ಹರಿದು ಮಡಿಸಿ, ಗಾಯಕ್ಕೆ ತಾಗದ ಮೇಲಿನ ಪದರಕ್ಕೆ ಕೆಲವೇ ಹನಿ ಹಾಕಿ, ತಂದೆಯ ಗದ್ದದ ಸುತ್ತ ಕಟ್ಟಿದಳು.

ರೇವಣಪ್ಪ ಕಣ್ಣು ಮುಚ್ಚಿಕೊಂಡ. ಉದ್ದಕ್ಕೆ ಉಸಿರೆಳೆದು, "ಇಂಡಿ ಕಡೆ ವಾಸನಿ," ಎಂದ. "ನಿಂಬಿ ತ್ವಾಟ."

ಸುನೀತಾಗೆ ಅಳು ಬಂತು. ಅವಳು ಹೇಳಿರಲೇ ಇಲ್ಲ.

ಅವನನ್ನು ಕೈ ಹಿಡಿದು ಮನೆಯೊಳಗೆ ಕರೆತಂದರು. ಪಡಸಾಲೆಯಲ್ಲಿ ಮತ್ತೆ ಹಾಸಿಗೆ ಹಾಸಿದರು. ನಾತ ಹೋಗಿತ್ತು, ಅಥವಾ ಸಿಹಿಯ ಅಡಿಯಲ್ಲಿ ಸಿಕ್ಕಿ ಮೇಲೇಳದೆ ಇತ್ತು. ಓಣಿಯ ಜನ ಬಹಳ ದಿನಗಳ ಮೇಲೆ ಬಂದು ಮಾತಾಡಿಸಿದರು. ಹಿರಿಯನಾದ ಮಡಿವಾಳಪ್ಪ ಹತ್ತಿರವೇ ಕುಳಿತು, "ಏನೋ ರೇವಣ್ಯಾ, ಮದಿಮಗ ಆಗಿಯಲ್ಲೋ," ಎಂದು ನಗಿಸಿದ. ಭಾಗ್ಯ ಅಜ್ಜನ ಬಗಲಲ್ಲಿ ಕುಳಿತು ಕೊರಳ ಬಟ್ಟೆಗೆ ಮೂಗು ಒತ್ತಿ ಒತ್ತಿ ತೆಗೆದಳು. ಮರೆವ್ವ ಗಂಜಿಗೆ ತುಪ್ಪ ಬಿಟ್ಟು ತಂದು ತಾನೇ ಕುಡಿಸಿದಳು. ಮುತ್ತು ಹೊರಗೆ ಕಟ್ಟೆಯ ಮೇಲೆ ಕುಳಿತು ತಂಗಿಗೆ, "ನಿನ್ನ ಕೆಲಸ ಒಂದ್ ಪುಣ್ಯಾದ ಕೆಲಸ ಬಿಡು," ಎಂದ. ಮುತ್ತು ಅಂಥ ಮಾತು ಆಡುವವನೇ ಅಲ್ಲ.

ಅದೇ ತಿಂಗಳು ಕಾರಖಾನೆಯ ಮಕರಂದ ಕಡ್ಡಿ ಪೇಟೆಗೆ ಬಂತು. ಸಿಂದಗಿ, ಇಂಡಿ, ಬಸವನ ಬಾಗೇವಾಡಿಯ ಅಂಗಡಿಗಳಿಂದ ಇನ್ನಷ್ಟು ಕಳುಹಿಸಿ ಎಂದು ಬೇಡಿಕೆ ಬಂತು. ತಂಗಡಗಿಯಲ್ಲೂ ಜನ ದೇವರ ಮುಂದೆ ಅದನ್ನೇ ಹಚ್ಚತೊಡಗಿದರು. ನಮ್ಮೂರ ಹುಡುಗಿ ಮಾಡಿದ್ದು ಎಂಬ ಅಭಿಮಾನ.

ಗಾಯ ಮಾತ್ರ ನಿಲ್ಲಲಿಲ್ಲ. ತೂತು ಅಗಲವಾಗಿ ದವಡೆಯ ಎಲುಬು ಕಾಣಿಸಿತು. ಬೇಸಿಗೆಯ ಬಿಸಿಲು ಏರಿದ ಹಾಗೆ ಬಟ್ಟೆಯನ್ನು ಬೆಳಿಗ್ಗೆ ಬದಲಿಸಿದರೆ ಮಧ್ಯಾಹ್ನದೊಳಗೆ ತೊಯ್ಯುತ್ತಿತ್ತು. ಸುನೀತಾ ಹನಿಗಳನ್ನು ಹೆಚ್ಚಿಸಿದಳು. ಮೊದಲು ಸಿಹಿ ಮೇಲಿತ್ತು, ನಾತ ಕೆಳಗಿತ್ತು. ಆಮೇಲೆ ಎರಡೂ ಒಂದರೊಳಗೊಂದು ಕೂಡಿಕೊಂಡವು. ಬರಿಯ ಕೊಳೆತ ವಾಸನೆಯನ್ನಾದರೂ ಮನುಷ್ಯ ತಡೆದುಕೊಂಡಾನು. ಈ ಸಿಹಿ ಕೊಳೆತ ಗಂಟಲಿಗೆ ಅಂಟಿಕೊಂಡು ಇಳಿಯುತ್ತಿರಲಿಲ್ಲ. ಮನೆಯ ಕಂಬಳಿ, ರೊಟ್ಟಿಯ ಬುಟ್ಟಿ, ಹೆಂಗಸರ ಕೂದಲು, ಎಲ್ಲಕ್ಕೂ ಅದು ಹತ್ತಿತು. ಒಂದು ಬೆಳಿಗ್ಗೆ ಅಜ್ಜನ ಪಕ್ಕದಲ್ಲಿ ಕುಳಿತಿದ್ದ ಭಾಗ್ಯ ಅಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಅವಳು ಪಡಸಾಲೆಗೆ ಕಾಲಿಡಲಿಲ್ಲ.

ಬಸ್ಸಿನಲ್ಲಿ ಸುನೀತಾಳ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಮುತ್ತು ಕುರಿಗಳಿಗೆ ಮೇವಿಲ್ಲ ಎಂದು ಹೇಳಿ ಹಿಂಡು ಹೊಡೆದುಕೊಂಡು ಸಿಂದಗಿ ಕಡೆ ಹೊರಟ. ಆಗ ಅಲ್ಲಿಯೂ ಮೇವು ಇರಲಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಸೋಮವಾರ ಗುಡಿಯ ಕಟ್ಟೆಯ ಮೇಲೆ ಯಾರೋ ಮಕರಂದ ಕಡ್ಡಿ ಹಚ್ಚಿದಾಗ ಇನ್ನೊಬ್ಬ ಅದನ್ನು ಕಿತ್ತು ಬಿಸಾಡಿದ. "ಇದು ರೇವಣ್ಯಾನ ಮನಿ ವಾಸನಿ," ಎಂದ. "ದೇವರ ಮುಂದ ಹೆಣದ ವಾಸನಿ ಹಚ್ಚತೀರೇನು?" ಮಾತು ಓಣಿಯಿಂದ ಓಣಿಗೆ ಬಂದು ಸಂಜೆಯೊಳಗೆ ಪಡಸಾಲೆಗೂ ಮುಟ್ಟಿತು. ರೇವಣಪ್ಪನ ಬಾಯಿ ಕೆಟ್ಟಿತ್ತೇ ಹೊರತು ಕಿವಿ ಕೆಟ್ಟಿರಲಿಲ್ಲ.

ಸುನೀತಾ ಬಟ್ಟೆ ಬದಲಿಸಲು ಕುಳಿತಾಗ ಅವನು ಅವಳ ಕೈಯಲ್ಲಿದ್ದ ಶೀಸೆಯನ್ನು ಸರಿಸಿದ.

"ಬ್ಯಾಡ."

"ಯಪ್ಪಾ, ಇವತ್ತ ಬ್ಯಾರೆ ಮಾಡ್ಕೊಂಡು ಬಂದೇನಿ. ಇದು ಛಲೋ ಐತಿ."

"ಬ್ಯಾಡ ಅಂದ್ರ ಬ್ಯಾಡ. ನಾ ನಾರತೇನಿ. ನಾರೂದು ನನಗ ಗೊತ್ತೈತಿ. ಅದಕ್ಕ ಬೆಲ್ಲ ಹಚ್ಚಿ ಯಾರಿಗೆ ತೋರಸ್ತಿ?" ಇಷ್ಟು ಮಾತಾಡುವಷ್ಟರಲ್ಲಿ ಅವನಿಗೆ ಉಸಿರು ಹತ್ತಿತು. "ನಿನ್ನ ಹೆಸರು ಕೆಡಸಬ್ಯಾಡ ನನ್ನ ಕೂಡ."

ಅವನು ಮತ್ತೆ ದಡ್ಡಿಗೆ ಹೋದ. ಈ ಸಲ ಶೇವಂತೆವ್ವ ಬೇಡ ಎನ್ನಲಿಲ್ಲ. ತನ್ನ ಕೌದಿಯನ್ನೂ ತೆಗೆದುಕೊಂಡು ಅವನ ಜೊತೆಗೇ ಹೋದಳು. ಹಿಂಡು ಇಲ್ಲದ ಖಾಲಿ ದಡ್ಡಿಯಲ್ಲಿ ಇಬ್ಬರೇ ಉಳಿದರು. ಅವನು ಗಂಜಿಯ ಬಟ್ಟಲನ್ನು ದಿನಾ ಅರ್ಧಕ್ಕೇ ದೂಡುತ್ತಿದ್ದ. ಬರಬರುತ್ತ ಮುಟ್ಟುವುದನ್ನೇ ಬಿಟ್ಟ.

ಸುನೀತಾ ಬಿಡಲಿಲ್ಲ. ಶೀಸೆಯ ವಾಸನೆ ತಪ್ಪಿದ್ದಕ್ಕೆ ತನ್ನ ಕೈಯೇ ಕಾರಣ, ಸರಿಯಾಗಿ ಕಟ್ಟಿದರೆ ನಾತದ ಮೇಲೆ ಏಳುವ ಮಕರಂದ ಮಾಡಬಹುದು ಎಂದು ಅವಳ ತಲೆಯಲ್ಲಿ ಕುಳಿತಿತ್ತು. ಸೆಂಟಿನ ಖೋಲಿಯಲ್ಲಿ ನಿಂತು ಹರಳಿನ ಪುಡಿ ಹೆಚ್ಚಿಸಿದಳು, ಮಲ್ಲಿಗೆ ಕಡಿಮೆ ಮಾಡಿದಳು, ಮತ್ತೆ ಪುಡಿ ಹೆಚ್ಚಿಸಿದಳು. ಮೂಗಿನಲ್ಲಿ ಸದಾ ತಂದೆಯ ಗಾಯ ಇರುತ್ತಿತ್ತು. ಅದರ ಮೇಲೆ ಏನು ಸುರಿದರೂ ಸಾಲದು ಅನ್ನಿಸುತ್ತಿತ್ತು. ಕಾರಖಾನೆಯ ಮಾಲಿಗೆ ಕೂಡಿಸುವಾಗಲೂ ಅವಳ ಕೈ ಅದೇ ಅಳತೆಗೆ ಹೋಯಿತು.

ಇಂಡಿಯಿಂದ ಗಂಟುಗಂಟಾಗಿ ಮಾಲು ತಿರುಗಿ ಬಂತು. ಬಸಂತರಾಯರು ಒಂದು ಕಡ್ಡಿ ಹಚ್ಚಿ, ಆರಿಸಿ, ಅವಳನ್ನು ಕರೆದರು.

"ಏನಿದು ಸುನೀತಾ? ಲಾಯದಾಗ ನಿಂತಾಂಗ ಆಗತದ. ನಿನಗ ಗೊತ್ತಾಗಲಿಲ್ಲೇನು?"

ಸುನೀತಾ ಕಡ್ಡಿಯನ್ನು ತೆಗೆದುಕೊಂಡು ಮೂಸಿದಳು. ಮತ್ತೆ ಮೂಸಿದಳು. "ನನಗ ಈಗೂ ಗೊತ್ತಾಗವಲ್ದುರಿ ಧಣೇರ," ಎಂದಳು. ಆಮೇಲೆ ಗೋಡೆಗೆ ಒರಗಿ ಕುಳಿತಳು. ಹೊಸೆಯುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಅವಳು ತಂದೆಯ ಸಂಗತಿಯನ್ನೆಲ್ಲ ಅಲ್ಲಿಯೇ ಹೇಳಿದಳು. ದಡ್ಡಿ, ಗುಡಿಯ ಕಟ್ಟೆ, ಬಿಟ್ಟುಹೋದ ಅಣ್ಣ, ಮುಟ್ಟದ ಗಂಜಿ.

ಬಸಂತರಾಯರು ಗದರಿಸಲೆಂದು ಕರೆದಿದ್ದರು. ಗದರಿಸದೆ, ನೀರು ತರಿಸಿಕೊಟ್ಟು, ಮನೆಗೆ ಹೋಗು ಎಂದರು. ಅವರ ಮನೆ ಬಸವನ ಬಾಗೇವಾಡಿಯಲ್ಲಿ. ಹೆಂಡತಿ ವಿದ್ಯಾವತಿ ದವಾಖಾನೆಯಲ್ಲಿ ನರ್ಸ್. ಅಂದು ಊಟಕ್ಕೆ ಕುಳಿತಾಗ ಅವರು ಸಂಗತಿಯನ್ನು ಹೆಂಡತಿಗೆ ಹೇಳಿದರು. ವಿದ್ಯಾವತಿ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಹಿಡಿದು ನಿಂತುಕೊಂಡು, "ಸೆಂಟ್ ಹಚ್ಚ್ಯಾರಾ? ಅಯ್ಯ ದೇವರೇ," ಎಂದರು.

ರಜೆ ಹಾಕಿ ವಿದ್ಯಾವತಿ ಮುದ್ದೇಬಿಹಾಳಕ್ಕೆ ಬಂದು, ಸುನೀತಾಳನ್ನು ಕರೆದುಕೊಂಡು ತಂಗಡಗಿಯ ಬಸ್ಸು ಹತ್ತಿದರು. ಬರುವ ಮೊದಲು ತಮ್ಮ ದವಾಖಾನೆಯ ವೈದ್ಯರನ್ನು ಕೇಳಿ ಚೀಟಿ ಬರೆಸಿಕೊಂಡಿದ್ದರು. ದಡ್ಡಿಯ ಬಾಗಿಲಲ್ಲಿ ಅವರು ಮೂಗು ಮುಚ್ಚಲಿಲ್ಲ. ಸೆರಗು ಬಿಗಿದುಕೊಂಡು ರೇವಣಪ್ಪನ ಎದುರಿಗೆ ಕುಳಿತರು.

"ಕಾಕಾ, ನಾ ವಿದ್ಯಾವತಿ. ನಿಮ್ಮ ಮಗಳ ಧಣೇರ ಮನಿಯಾಕಿ. ಗಾಯ ನೋಡ್ಲಿ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಶೇವಂತೆವ್ವ ಬಾಗಿ, "ತೋರಸ್ರಿ. ಅಷ್ಟ್ ದೂರಿಂದ ಬಂದಾರ," ಎಂದಳು. ಬಹಳ ಹೊತ್ತಾದ ಮೇಲೆ ಅವನು ತಿರುಗಿದ.

ಬಟ್ಟೆ ಬಿಚ್ಚಿದಾಗ ಗಾಯದಲ್ಲಿ ಹುಳ ಇದ್ದವು. ಸುನೀತಾ ದಿನವೂ ಬಟ್ಟೆ ಬದಲಿಸಿದವಳೇ ಆದರೂ ಅವಳಿಗೆ ಒಳಗಿನ ತನಕ ನೋಡುವ ಧೈರ್ಯ ಇರಲಿಲ್ಲ. ವಿದ್ಯಾವತಿ ಚಿಮಟದಿಂದ ಅವನ್ನು ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಿದರು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದರು. ರೇವಣಪ್ಪ ಹೆಂಡತಿಯ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದ, ಕೂಗಲಿಲ್ಲ.

"ಅಕ್ಕಾರ," ಎಂದಳು ಸುನೀತಾ, "ನಾ ಹಚ್ಚಿದ ಸೆಂಟಿಗೆ ನೊಣ ಬಂದುವೇನ್ರಿ?"

"ಗಾಯಕ್ಕ ನೊಣ ಬರ್ತಾವ. ಸೆಂಟ್ ಇದ್ರೂ ಬರ್ತಾವ, ಇಲ್ಲದಿದ್ರೂ ಬರ್ತಾವ." ಹೇಳುವಾಗ ವಿದ್ಯಾವತಿ ಅವಳ ಮುಖ ನೋಡಲಿಲ್ಲ.

ಆಮೇಲೆ ಅವರು ಚೀಲದಿಂದ ಗುಳಿಗೆಗಳನ್ನು ತೆಗೆದರು. ರಕ್ತಭೇದಿ ಹತ್ತಿದಾಗ ದವಾಖಾನೆಯಲ್ಲಿ ಕೊಡುವ ಅದೇ ಗುಳಿಗೆ. ಅದನ್ನು ನುಣ್ಣಗೆ ಅರೆದು ಗಾಯದ ತುಂಬ ಉದುರಿಸಿ ಶುದ್ಧ ಬಟ್ಟೆ ಕಟ್ಟಿದರು.

"ನೋಡು ಸುನೀತಾ, ನಾತ ಗಾಯದ್ದಲ್ಲ. ಗಾಯದಾಗ ಬೆಳಿಯೋ ಕಣ್ಣಿಗೆ ಕಾಣದ ಕ್ರಿಮಿದು. ಅದು ಸತ್ರ ನಾತ ಹೋಗತದ. ದಿನಾ ತೊಳೀಬೇಕು, ದಿನಾ ಪುಡಿ ಹಾಕಬೇಕು."

"ಗಾಯ ಮಾಯತೈತೇನ್ರಿ?" ಎಂದು ಶೇವಂತೆವ್ವ ಕೇಳಿದಳು.

"ಇಲ್ಲವ್ವಾ. ಅದು ಮಾಯೂದಲ್ಲ." ವಿದ್ಯಾವತಿ ಅವಳ ಹೆಗಲ ಮೇಲೆ ಕೈಯಿಟ್ಟರು. "ನಾತ ಅಷ್ಟ ಹೋಗತದ."

ಹಾಗೆಯೇ ಆಯಿತು. ವಾರ ತುಂಬುವ ಮೊದಲೇ ದಡ್ಡಿಯಲ್ಲಿ ಹಳೆಯ ಕುರಿ ಗೊಬ್ಬರದ ವಾಸನೆ ಮತ್ತೆ ಮೂಗಿಗೆ ಬಂತು. ಗಾಯದ ನಾತ ಹತ್ತಿರ ಹೋಗಿ ಬಾಗಿದರೆ ಮಾತ್ರ ಸ್ವಲ್ಪ ಗೊತ್ತಾಗುತ್ತಿತ್ತು. ಸುನೀತಾ ಮೊದಲು ತನ್ನ ಮೂಗನ್ನು ನಂಬಲಿಲ್ಲ. ಮರೆವ್ವನನ್ನು ಕರೆದಳು. ಮರೆವ್ವ ಬಾಗಿಲಲ್ಲಿ ನಿಂತು, ಹೆದರಿ ಹೆದರಿ ಉಸಿರೆಳೆದುಕೊಂಡು, "ಇಲ್ಲಲ್ಲ," ಎಂದಳು. ಆಮೇಲೆ ಒಳಗೆ ಬಂದು ಮಾವನ ಕಾಲ ಹತ್ತಿರ ಕುಳಿತು ಬಿಕ್ಕಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ.

ಆ ರಾತ್ರಿ ಎಲ್ಲರೂ ಸಮಾಧಾನದಿಂದ ಮಲಗಿದರೂ ಸುನೀತಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಕಿರಾಣಿ ಅಂಗಡಿಯ ಪಕ್ಕದ ಔಷಧಿ ಅಂಗಡಿಯಲ್ಲಿ ಸಿಗುವ ಗುಳಿಗೆ. ಅದು ಗೊತ್ತಿಲ್ಲದೆ ಬೇಸಿಗೆಯೆಲ್ಲ ಅವನನ್ನು ಮನುಷ್ಯರಿಂದ ದೂರ ಇಟ್ಟಿದ್ದರು. ಯಾರಾದರೂ ಒಂದು ಮಾತು ಹೇಳಬಾರದಿತ್ತೇ? ತಾನಾದರೂ ಒಂದು ಮಾತು ಕೇಳಬಾರದಿತ್ತೇ? ಶೀಸೆಯನ್ನು ಕೇಳಿದ್ದಳು, ವೈದ್ಯರನ್ನು ಕೇಳಿರಲಿಲ್ಲ.

ರೇವಣಪ್ಪ ಮತ್ತೊಮ್ಮೆ ಹಾಸಿಗೆ ಬದಲಿಸಿ ಪಡಸಾಲೆಗೆ ಬಂದ. ಮಡಿವಾಳಪ್ಪ ಬಂದು ಕುಳಿತ. ಆದರೆ ಜನ ಮೊದಲಿನ ಹಾಗೆ ಬರಲಿಲ್ಲ. ಬಂದವರು ಹೊಸ್ತಿಲ ಹೊರಗೆ ನಿಂತು, ಬರದೇ ಇರುವ ನಾತಕ್ಕೆ ಮೂಗು ಸಿಂಡರಿಸಿ ಹೋದರು. ಭಾಗ್ಯಳಂತೂ ಅಡುಗೆಮನೆಯ ಬಾಗಿಲಿಂದ ಈಚೆ ಬರಲೇ ಇಲ್ಲ. ಅವಳಿಗೆ ಅಜ್ಜನ ಹೆಸರು ಹೇಳಿದರೆ ಸಾಕು, ಗಂಟಲಿಗೆ ಆ ಸಿಹಿ ಬರುತ್ತಿತ್ತು.

"ಬಾರವ್ವಾ," ಎಂದು ಸುನೀತಾ ಕೈ ಹಿಡಿದು ಎಳೆದಳು. "ಈಗ ನಾತ ಇಲ್ಲ. ಬಂದು ನೋಡು. ಅಜ್ಜ ನಿನ್ನ ದಾರಿ ನೋಡಾಕತ್ತಾನ."

ಹುಡುಗಿ ಕಿರುಚಿ ಕೈ ಬಿಡಿಸಿಕೊಂಡಳು. ರೇವಣಪ್ಪ ಹಾಸಿಗೆಯಿಂದಲೇ ಕೈಯಾಡಿಸಿ, ಬೇಡ, ಬಿಡು ಎಂದು ಸನ್ನೆ ಮಾಡಿದ. ಆಮೇಲೆ ದಿನವೂ ಅವನು ಅಡುಗೆಮನೆಯ ಬಾಗಿಲು ಕಾಣುವ ಹಾಗೆ ಮಲಗುತ್ತಿದ್ದ. ಅವಳು ಅಲ್ಲಿ ಕುಳಿತು ಕಲ್ಲಾಟ ಆಡುವುದನ್ನು ನೋಡುತ್ತಿದ್ದ. ಅಷ್ಟರಲ್ಲೇ ಅವನಿಗೆ ತೃಪ್ತಿ ಇತ್ತೋ ಇಲ್ಲವೋ, ಹೇಳಲಿಲ್ಲ. ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಮುಂಗಾರಿನ ಮಿರಗದ ಮಳೆ ಬಿದ್ದು ಹೊಲಗಳಲ್ಲಿ ಬಿತ್ತನೆ ನಡೆದಿದ್ದಾಗ, ಒಂದು ಮುಂಜಾನೆ ಶೇವಂತೆವ್ವ ಗಾಯ ತೊಳೆಯಲು ನೀರು ತಂದು ಎಬ್ಬಿಸಿದಳು. ಅವನು ಏಳಲಿಲ್ಲ. ಅವಳು ಕೂಗಲಿಲ್ಲ. ತಂದ ನೀರಿನಿಂದ ಗಾಯವನ್ನು ತೊಳೆದು, ಪುಡಿ ಹಾಕಿ, ಹೊಸ ಬಟ್ಟೆ ಕಟ್ಟಿ, ಆಮೇಲೆ ಮಗಳನ್ನು ಕರೆದಳು.

ಮುತ್ತು ಬರುವುದರೊಳಗೆ ಮಣ್ಣು ಮಾಡಿ ಆಗಿತ್ತು. ಸಿಂದಗಿಯ ಸಂತೆಯಲ್ಲಿ ಊರಿನವರೊಬ್ಬರ ಬಾಯಿಂದ ಸುದ್ದಿ ತಿಳಿದು ಅವನು ಲಾರಿ ಹತ್ತಿ ಬಂದು, ಮನೆಗೂ ಹೋಗದೆ ಹೊಲದ ಬದುವಿನಲ್ಲಿದ್ದ ಹಸಿ ಮಣ್ಣಿನ ಗುಡ್ಡೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ. ಸುನೀತಾ ಅಲ್ಲಿಗೆ ಹೋದಾಗ ಅವನು ಮುಖ ಎತ್ತಲಿಲ್ಲ.

"ನಾತ ಹೋಗಿತ್ತಂತ?" ಎಂದು ಕೇಳಿದ.

"ಹ್ಞೂಂ. ಹೋಗಿತ್ತು."

"ನನಗ ಹೇಳಿ ಕಳಸಬಾರ್ದಿತ್ತ?"

"ಎಲ್ಲಿಗಂತ ಹೇಳಿ ಕಳಸಲಿ ಅಣ್ಣಾ? ನೀ ಎಲ್ಲಿ ಅದಿ ಅಂತ ಯಾರಿಗೆ ಗೊತ್ತಿತ್ತು?"

ಅವನು ಒಂದು ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಹಿಚುಕುತ್ತ ಬಹಳ ಹೊತ್ತು ಕುಳಿತಿದ್ದ.

ಸುನೀತಾ ಕಾರಖಾನೆಗೆ ಹೋಗಲೇಬೇಕಿತ್ತು, ಹೋದಳು. ಬಸಂತರಾಯರ ಮುಂದೆ ನಿಂತು, "ಮಕರಂದ ಒಂದು ನನ್ನ ಕಡಿಂದ ಆಗೂದಿಲ್ರಿ. ಉಳದದ್ದು ಏನ್ ಹೇಳ್ತೀರಿ ಅದನ್ನ ಮಾಡ್ತೇನಿ," ಎಂದಳು. ಅವರು ಒತ್ತಾಯ ಮಾಡಲಿಲ್ಲ. ಅವಳು ಹಳೆಯ ಅಳತೆಯನ್ನು ಅಬಿದಾ ಎಂಬವಳಿಗೆ ಬಾಯಲ್ಲಿ ಹೇಳಿಕೊಟ್ಟಳು. ಅಬಿದಾ ಕೂಡಿಸುವ ದಿನ ಇವಳು ಹೊರಗೆ ಕಡ್ಡಿ ಹೊಸೆಯಲು ಕುಳಿತುಕೊಳ್ಳುತ್ತಿದ್ದಳು. ಮಕರಂದ ಮತ್ತೆ ಇಂಡಿಗೂ ಸಿಂದಗಿಗೂ ಹೋಯಿತು, ಚೆನ್ನಾಗಿ ಹೋಯಿತು. ತಂಗಡಗಿಯಲ್ಲಿ ಮಾತ್ರ ಯಾರೂ ಕೊಳ್ಳಲಿಲ್ಲ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಕಾರಖಾನೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ಸುನೀತಾಳನ್ನು ಹುಡುಕಿದಳು. ನಿಡಗುಂದಿಯ ಲಾಲಬಿ ಎಂದು ಹೆಸರು ಹೇಳಿದಳು. ಗಂಡ ಲಾರಿಗೆ ಕಲ್ಲು ತುಂಬುವವನಾಗಿದ್ದ; ಈಗ ಗಂಟಲ ಬುಡದಲ್ಲಿ ಗಾಯ ಒಡೆದಿದೆ.

"ನೀವು ನಿಮ್ಮ ಅಪ್ಪಗ ಒಂದು ಸೆಂಟ್ ಹಚ್ಚತಿದ್ರಂತಲ್ರಿ, ಸಿಹಿ ವಾಸನಿದು," ಎಂದಳು. "ಅದನ್ನ ಒಂದ್ ಶೀಸೆ ಕೊಡ್ರಿ. ಮಕ್ಕಳು ಹತ್ತರ ಬರವಲ್ವು. ಆ ಮನಷ್ಯಾ ಗ್ವಾಡಿ ಕಡೆ ಮಾರಿ ಮಾಡ್ಕೊಂಡು ಮಕ್ಕೊಂಡಾನ."

ಸುನೀತಾ ಕಾರಖಾನೆಯ ಕಡೆ ತಿರುಗಿ ನೋಡಿದಳು. ಒಳಗೆ ಅಬಿದಾ ಮಕರಂದ ಕೂಡಿಸುತ್ತಿದ್ದಳು. ಕಿಟಕಿಯಿಂದ ಅದು ಹೊರಗೆ ಬರುತ್ತಿತ್ತು.

"ಸೆಂಟ್ ಹಚ್ಚಬ್ಯಾಡ್ರಿ," ಎಂದಳು. "ಅದರಿಂದ ಇನ್ನಷ್ಟು ಕೆಡತೈತಿ. ಒಂದು ಗುಳಿಗಿ ಐತಿ. ಅರದು ಹಾಕಬೇಕು."

ಲಾಲಬಿಯ ಮುಖ ಸಣ್ಣಗಾಯಿತು. ಅಷ್ಟು ದೂರದಿಂದ ಅವಳು ಸುವಾಸನೆಗಾಗಿ ಬಂದಿದ್ದಳು. "ಗುಳಿಗಿ ಭಾಳ ಆಗ್ಯಾವ್ರಿ ನಮಗ. ಒಂದ್ ಶೀಸೆ ಕೊಟ್ಟಬಿಡ್ರಿ, ನಾ ಹೊಕ್ಕೇನಿ."

"ಕೊಡಾಂಗಿಲ್ಲ," ಎಂದಳು ಸುನೀತಾ. ಧ್ವನಿ ಬಿರುಸಾಯಿತೆಂದು ಅವಳಿಗೇ ಅನ್ನಿಸಿ ಮೆತ್ತಗಾದಳು. "ನಾನs ಬರ್ತೇನಿ ನಡೀರಿ. ಮೊದಲ ಬಾಗೇವಾಡಿಗೆ ಹೋಗೂನು. ಅಲ್ಲಿ ದವಾಖಾನಿಯಾಗ ನಮ್ಮ ನರ್ಸ್ ಅಕ್ಕಾರ ಅದಾರ, ಅವರನ್ನೂ ಕೇಳೂನು."

"ಅದರಿಂದ ಅವ ಉಳೀತಾನೇನ್ರಿ?"

"ಇಲ್ರಿ."

ಲಾಲಬಿ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.

ನಿಡಗುಂದಿಯ ಮನೆಯಲ್ಲಿ ಸುನೀತಾ ಮೊದಲ ಸಲ ಒಂದು ಗಾಯವನ್ನು ತಳದ ತನಕ ನೋಡಿದಳು. ವಿದ್ಯಾವತಿ ಹೇಳಿಕೊಟ್ಟ ಹಾಗೆ ತೊಳೆದಳು. ಮುಖ ತಿರುಗಿಸಲಿಲ್ಲ. ಆಮೇಲೆ ಲಾಲಬಿಯ ಕೈಗೆ ಚಿಮಟ ಕೊಟ್ಟು, ಅವಳೂ ಮಾಡುವ ತನಕ ಪಕ್ಕದಲ್ಲಿ ನಿಂತಳು. ಲಾಲಬಿಯ ಗಂಡ ಚಳಿಗಾಲ ಕಳೆಯುವ ತನಕ ಬದುಕಿದ್ದ. ನೋವು ಬಹಳ ಇತ್ತು ಎಂದು ಲಾಲಬಿ ಆಮೇಲೆ ಹೇಳಿ ಕಳುಹಿಸಿದಳು. ಸಾಯುವ ಹೊತ್ತಿನಲ್ಲಿ ಮಕ್ಕಳು ಅವನ ಹಾಸಿಗೆಯ ಮೇಲೆಯೇ ಕುಳಿತಿದ್ದರಂತೆ.